ಗೋಡೆಯ ಆಚೆಯ ಹಾಡು

ಆಫೀಸಿನ ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ಗೆ ಹೋಗಿದ್ದಾಗ ಒಂದು ಭಾನುವಾರ ರೈಲು ಹತ್ತಿ ವೋರ್ಮ್ಸ್ ಎಂಬ ಊರಿಗೆ ಹೋಗಿದ್ದೆ. ಜರ್ಮನಿಯ ರೈನ್ ನದಿಯ ದಡದ ಈ ಊರಿನಲ್ಲಿ ಯಹೂದಿಗಳ ಬಹಳ ಹಳೆಯ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ ಇದೆ. ಕಟ್ಟಡ ನೋಡಲು ಹೋದ ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಹೆಂಗಸರ ಕಥೆ.

ಮೊದಲ ಸಿನಗಾಗ್ ಕಟ್ಟಿದ್ದು 1034ರಲ್ಲಿ. ಅದಕ್ಕೆ ಹಣ ಕೊಟ್ಟವರು ಯಾಕೋಬ್ ಮತ್ತು ಆತನ ಹೆಂಡತಿ ರಾಹೇಲ್ ಎಂದು ಶಾಸನ ಹೇಳುತ್ತದೆ. 1174-75ರಲ್ಲಿ ಅದೇ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು. ಉದ್ದನೆಯ ಹಜಾರದ ನಡುವೆ ಎರಡೇ ಕಂಬಗಳು. ಅವುಗಳ ಆಧಾರದ ಮೇಲೆ ಕಮಾನು ಚಾವಣಿಯ ಆರು ಅಂಕಣಗಳು. ಧರ್ಮಗ್ರಂಥವಾದ ತೋರಾವನ್ನು ಓದುವ ಕಟ್ಟೆ ಕಂಬಗಳ ನಡುವೆ, ಅದರ ಸುರುಳಿಗಳನ್ನು ಇಡುವ ಜಾಗ ಪೂರ್ವದ ಗೋಡೆಯಲ್ಲಿ. ಎರಡು ಕಂಬಗಳ ಈ ವಿನ್ಯಾಸ ಮುಂದೆ ಪ್ರಾಗ್ ನಗರದ ಸಿನಗಾಗ್‌ನಲ್ಲೂ ಕಾಣಿಸಿಕೊಂಡಿತು.

ಆದರೆ ಈ ಹಜಾರ ಗಂಡಸರದು. 1212-13ರಲ್ಲಿ ಮೇಯಿರ್ ಮತ್ತು ಆತನ ಹೆಂಡತಿ ಯೂದಿತ್ ನೀಡಿದ ದಾನದಿಂದ ಉತ್ತರದ ಗೋಡೆಗೆ ತಾಗಿ ಹೆಂಗಸರಿಗಾಗಿಯೇ ಒಂದು ಮಂದಿರ ಕಟ್ಟಿದರು. ನಡುವೆ ಒಂದೇ ಕಂಬ, ನಾಲ್ಕು ಅಂಕಣ. ಎರಡು ಭಾಗಗಳ ನಡುವಿನ ದಪ್ಪ ಗೋಡೆಯಲ್ಲಿ ಸಣ್ಣ ಕಿಂಡಿಗಳಿದ್ದವು.

ಹಾಗಾದರೆ ಹೆಂಗಸರು ಕಿಂಡಿಗೆ ಕಿವಿಕೊಟ್ಟು ಸುಮ್ಮನೆ ಕೂತಿದ್ದರೇ? ಇಲ್ಲ. 1275ರಲ್ಲಿ ತೀರಿಕೊಂಡ ಉರಾನಿಯಾ ಎಂಬಾಕೆಯ ಸಮಾಧಿ ಶಾಸನ ನೋಡಿ. ಆಕೆಯ ತಂದೆ ಸಿನಗಾಗ್‌ನ ಮುಖ್ಯ ಗಾಯಕ. ಮಗಳೂ ಹೆಂಗಸರ ಮುಂದೆ ನಿಂತು ಇಂಪಾಗಿ ಸ್ತೋತ್ರಗಳನ್ನು ಹಾಡಿ ಪ್ರಾರ್ಥನೆ ನಡೆಸುತ್ತಿದ್ದಳು ಎಂದು ಅದು ಗೌರವದಿಂದ ನೆನೆಯುತ್ತದೆ.

ಈ ಮಂದಿರ ಕಟ್ಟುವ ಮೊದಲೂ ಇಂಥವರಿದ್ದರು. ವಿದ್ವಾಂಸ ಎಲಿಯೇಜರ್‌ನ ಹೆಂಡತಿ ದೊಲ್ಚೆ ವ್ಯವಹಾರ ನಡೆಸಿ ಮನೆಯನ್ನೂ ಗಂಡನ ಶಿಷ್ಯರನ್ನೂ ಸಾಕುತ್ತಿದ್ದಳು, ಬೇರೆ ಊರುಗಳ ಹೆಂಗಸರಿಗೆ ಪ್ರಾರ್ಥನೆ ಕಲಿಸುತ್ತಿದ್ದಳು. 12ನೇ ಶತಮಾನದ ಕೊನೆಯಲ್ಲಿ ಮನೆಗೆ ನುಗ್ಗಿದವರು ಆಕೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದರು. ಆಕೆಯ ಬದುಕು ನಮಗೆ ಗೊತ್ತಾಗಿರುವುದು ಗಂಡ ಬರೆದ ಶೋಕಗೀತೆಯಿಂದ.

19ನೇ ಶತಮಾನದಲ್ಲಿ ನಡುವಿನ ಗೋಡೆಯನ್ನು ಒಡೆದು ದೊಡ್ಡ ಕಮಾನುಗಳನ್ನು ತೆರೆದರು. ಎರಡು ಮಂದಿರಗಳು ಒಂದಾದವು. ಆದರೆ ನೂರು ವರ್ಷವೂ ಕಳೆಯಲಿಲ್ಲ. 1938ರ ನವೆಂಬರ್‌ನಲ್ಲಿ ನಾಜಿಗಳು ಸಿನಗಾಗ್‌ಗೆ ಬೆಂಕಿ ಹಚ್ಚಿದರು. ಅದರಲ್ಲಿ ಪ್ರಾರ್ಥಿಸುತ್ತಿದ್ದ ಅನೇಕರು ದೇಶ ಬಿಟ್ಟರು, ಉಳಿದವರಲ್ಲಿ ಹೆಚ್ಚಿನವರನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಯುದ್ಧದ ನಂತರ ಅವಶೇಷಗಳಲ್ಲಿ ಸಿಕ್ಕ ಹಳೆಯ ಕಲ್ಲುಗಳನ್ನೇ ಬಳಸಿ ಮಂದಿರವನ್ನು ಮತ್ತೆ ಕಟ್ಟಿ 1961ರಲ್ಲಿ ತೆರೆದರು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಕಲ್ಲುಗಳನ್ನು ಹುಡುಕಿ ಜೋಡಿಸಬಹುದು, ಹೋದ ಜನರನ್ನು ತರಲಾಗದು. ಹಾಗಾಗಿಯೇ ರಾಹೇಲ್, ಯೂದಿತ್, ಉರಾನಿಯಾ, ದೊಲ್ಚೆ ಎಂಬ ಹೆಸರುಗಳು ಉಳಿದಿರುವುದು ನನಗೆ ದೊಡ್ಡ ವಿಷಯವೆನಿಸಿತು. ನೀವು ಯಾರಾದರೂ ಆ ಕಡೆ ಹೋದರೆ, ಉತ್ತರದ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.