ಗಿರೀಶ ಕಾರ್ನಾಡರೂ ಕಾಲಯಾನದ ಕಥೆಗಳೂ

ಶಿಲಾಶಾಸನ, ತಾಮ್ರಪಟ, ಕೈಫಿಯತ್ತುಗಳನ್ನು ಆಧಾರವೆಂದು ಒಪ್ಪುವ ನಾವು ದೂರದರ್ಶನದ ಧಾರಾವಾಹಿಯೊಂದನ್ನು ಆಧಾರವೆಂದು ಮುಂದಿಟ್ಟರೆ ವಾಚಕರು ನಕ್ಕಾರು. ಆದರೂ ಒಂದು ತಲೆಮಾರಿನ ಮಕ್ಕಳು ವಿಜ್ಞಾನವನ್ನು ಮೊದಲು ಕಂಡುದು ಆ ಪರದೆಯ ಮೇಲೆಯೇ ಎಂಬುದನ್ನು ಅಲ್ಲಗಳೆಯುವಂತಿಲ್ಲ.

1989ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಇಂದ್ರಧನುಷ್’ ಎಂಬ ಹಿಂದೀ ಧಾರಾವಾಹಿಯು ಮಕ್ಕಳಿಗಾಗಿ ರಚಿತವಾದ ವೈಜ್ಞಾನಿಕ ಕಲ್ಪನಾಕಥೆ. ಬಾಲಕರು ತಾವೇ ಒಂದು ಗಣಕಯಂತ್ರವನ್ನು ಜೋಡಿಸುತ್ತಾರೆ. ಅದರ ನೆರವಿನಿಂದ ಕಾಲವನ್ನು ದಾಟಿ ಸಂಚರಿಸುತ್ತಾರೆ. ನಾಯಕನಾದ ಅಪ್ಪು ಎಂಬ ಹುಡುಗನ ತಂದೆಯಾಗಿ ಅಭಿನಯಿಸಿದವರು ಗಿರೀಶ ಕಾರ್ನಾಡರು. ಅದಕ್ಕೂ ಮುನ್ನ ಶಂಕರನಾಗರ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿಯೂ ಅವರನ್ನು ನಾಡು ಕಂಡಿತ್ತು. ಬಳಿಕ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿ ಕೆಲಕಾಲ ಕಾಣಿಸಿಕೊಂಡರು, ಪ್ರೊ. ಯಶಪಾಲರು ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದುದು ಅದರಲ್ಲಿಯೇ.

ಬೆಳಗಾವಿಯಲ್ಲಿ ಕುಳಿತು ಇದನ್ನು ಬರೆಯಲು ಕಾರಣವುಂಟು. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನಾಡಿಸಿ ಮರಾಠೀ ಸಂಗೀತ ನಾಟಕಕ್ಕೆ ತಳಹದಿ ಹಾಕಿದರು. ಒಂದು ಭಾಷೆಯ ನೆಲದಲ್ಲಿ ಹುಟ್ಟಿ ಇನ್ನೊಂದರ ರಂಗದಲ್ಲಿ ಬೆಳಗುವುದು ಇಲ್ಲಿ ಹೊಸತಲ್ಲ. 1938ರಲ್ಲಿ ಮಾಥೇರಾನಿನಲ್ಲಿ ಜನಿಸಿ, ಶಿರಸಿ ಧಾರವಾಡಗಳಲ್ಲಿ ಬೆಳೆದ ಕಾರ್ನಾಡರ ಮನೆಮಾತು ಕೊಂಕಣಿ, ಬರೆದುದು ಕನ್ನಡದಲ್ಲಿ, ಜಬ್ಬಾರ್ ಪಟೇಲರ ‘ಉಂಬರಠಾ’ದಲ್ಲಿ (1982) ನಟಿಸಿದುದು ಮರಾಠಿಯಲ್ಲಿ. ಖಾನಾಪುರದ ಸಂತೆಯಲ್ಲಿ ಅರ್ಧ ತಾಸು ನಿಂತವರಿಗೆ ಈ ಮೂರು ನುಡಿಗಳ ಸಹವಾಸವನ್ನು ವಿವರಿಸಬೇಕಾಗಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಕಥೆಗಳು ನಟನನ್ನು ಒಂದೇ ಪಾತ್ರಕ್ಕೆ ಕಟ್ಟಿಹಾಕಿದ್ದುಂಟು. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ನ ಲಿಯೊನಾರ್ಡ್ ನಿಮೊಯ್‌ರು ತಾವು ಆ ಸ್ಪಾಕ್ ಅಲ್ಲವೆಂದು ಸಾರುವ ಹೆಸರಿನ ಪುಸ್ತಕವನ್ನೇ 1975ರಲ್ಲಿ ಪ್ರಕಟಿಸಬೇಕಾಯಿತು. ಕಾರ್ನಾಡರಿಗೆ ಆ ಬಾಧೆ ತಟ್ಟಲಿಲ್ಲ. ಅವರು ‘ಸಂಸ್ಕಾರ’ದ (1970) ಪ್ರಾಣೇಶಾಚಾರ್ಯರಾಗಿದ್ದರು, ‘ತುಘಲಕ್’ನ (1964) ಕರ್ತೃವಾಗಿದ್ದರು, ಪರದೆಯ ಮೇಲಿನ ದುಡಿಮೆಯು ನಾಟಕ ಬರೆಯುವ ಬಿಡುವನ್ನು ಒದಗಿಸಿತು. ವಿಮರ್ಶಕರು ಇಷ್ಟಕ್ಕೇ ತೃಪ್ತರಾಗಿ ದೂರದರ್ಶನದ ಪಾತ್ರಗಳನ್ನು ಹೊಟ್ಟೆಪಾಡಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಇದು ನಮಗೆ ಸಮ್ಮತವಲ್ಲ.

ಏಕೆಂದರೆ, ವೈಜ್ಞಾನಿಕ ಕಲ್ಪನೆಯು ಕೇಳುವ ಪ್ರಶ್ನೆಗಳನ್ನು ಈ ನಾಟಕಕಾರರು ಪುರಾಣದ ಬಾಗಿಲಿನಿಂದ ಮೊದಲೇ ಪ್ರವೇಶಿಸಿದ್ದರು. ‘ಹಯವದನ’ದಲ್ಲಿ (1971) ತಲೆಗಳು ಅದಲುಬದಲಾದ ಮೇಲೆ ಗಂಡನು ಯಾರು, ತಲೆಯುಳ್ಳವನೋ ದೇಹವುಳ್ಳವನೋ? ‘ಒಡಕಲು ಬಿಂಬ’ದಲ್ಲಿ (2005) ದೂರದರ್ಶನದ ಪರದೆಯ ಮೇಲಿನ ತನ್ನದೇ ಪ್ರತಿಬಿಂಬವು ಲೇಖಕಿಯನ್ನು ಎದುರಿಸಿ ಮಾತಿಗೆಳೆಯುತ್ತದೆ. ಸ್ಟುಡಿಯೋದ ದೀಪಗಳ ಮುಂದೆ ವರ್ಷಗಟ್ಟಲೆ ಕುಳಿತ ಅನುಭವ ಈ ಎರಡನೆಯ ನಾಟಕಕ್ಕೆ ಒದಗಿರಬೇಕೆಂದು ನಾವು ಊಹಿಸುತ್ತೇವೆ.

ಇನ್ನೊಂದು ವಿಚಿತ್ರ. 2016ರ ‘24’ ಎಂಬ ತಮಿಳು ಚಿತ್ರವೂ ಕಾಲವನ್ನು ಹಿಂದುಮುಂದಾಗಿಸುವ ಗಡಿಯಾರದ ಕಥೆಯೇ. ಅದರಲ್ಲಿ ಕಾರ್ನಾಡರು ಅಜ್ಜನಾಗಿದ್ದಾರೆ. ಇಪ್ಪತ್ತೇಳು ವರ್ಷಗಳ ಅಂತರದ ಈ ಎರಡು ಕಥೆಗಳಲ್ಲಿಯೂ ಯಾನ ಮಾಡುವವರು ಕಿರಿಯರು. ಅವರದು ಮನೆಯ ಹಿರಿಯನ ಪಾತ್ರ. ತುಘಲಕನ ದಿಲ್ಲಿಗೂ ಬಸವಣ್ಣನ ಕಲ್ಯಾಣಕ್ಕೂ ಪ್ರೇಕ್ಷಕರನ್ನು ಕರೆದೊಯ್ದವರು ಯಂತ್ರವೊಂದು ದೊರೆತಾಗ ಮನೆಯಲ್ಲಿಯೇ ಉಳಿದರು!

2019ರ ಜೂನ್ 10ರಂದು ಕಾರ್ನಾಡರು ತೀರಿಕೊಂಡಾಗ ಪತ್ರಿಕೆಗಳು ನಾಟಕಗಳನ್ನೂ 1998ರ ಜ್ಞಾನಪೀಠವನ್ನೂ ಸ್ಮರಿಸಿದವು, ಅದು ಯುಕ್ತವೇ. ಆದರೆ ‘ಇಂದ್ರಧನುಷ್’ನ್ನು ನೋಡಿದ ಮಕ್ಕಳಿಗೆ ಇಂದು ನಡುವಯಸ್ಸು ದಾಟುತ್ತಿದೆ. ನಮ್ಮ ವಿದ್ಯಾರ್ಥಿಗಳು ಬೆಳಗಾವಿಯ ಓಣಿಗಳಿಗೂ ಖಾನಾಪುರದ ಕಾಡಂಚಿನ ಹಳ್ಳಿಗಳಿಗೂ ಹೋಗಿ, ಯಾರ ಮನೆಯ ಪಡಸಾಲೆಯಲ್ಲಿ, ಯಾರೊಡನೆ ಕುಳಿತು, ಅರ್ಥವಾದಷ್ಟು ಹಿಂದಿಯಲ್ಲಿ ಅದನ್ನು ನೋಡಿದರೆಂಬುದನ್ನು ಈ ಬೇಸಗೆಯ ರಜೆಯಲ್ಲಿಯೇ ಬರೆದುಕೊಂಡು ಬರಲಿ.