ಬೊಲೊನ್ಯದ ಗೋಡೆ ಯಾರದು?

ಸ್ಮಾರಕವೆಂದರೆ ಸರ್ಕಾರ ಕಟ್ಟಿಸಿ, ಮಂತ್ರಿಗಳು ಉದ್ಘಾಟಿಸಿ, ಆಮೇಲೆ ಜನ ಬಂದು ಕೈಮುಗಿಯುವ ಕಲ್ಲು ಎಂದೇ ನಮ್ಮ ಎಣಿಕೆ. ಇಟಲಿಯ ಬೊಲೊನ್ಯ ನಗರದಲ್ಲಿ ಈ ಕ್ರಮ ತಿರುವುಮುರುವಾಯಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಫ್ಯಾಸಿಸ್ಟರು ಅಲ್ಲಿಯ ನೆಪ್ಚೂನ್ ಚೌಕದ ಗೋಡೆಯೊಂದರ ಮುಂದೆ ಪಾರ್ಟಿಸಾನರನ್ನು, ಅಂದರೆ ಪ್ರತಿರೋಧದ ಹೋರಾಟಗಾರರನ್ನು, ನಿಲ್ಲಿಸಿ ಗುಂಡಿಕ್ಕುತ್ತಿದ್ದರು. ಊರು ಹೆದರಲೆಂದು ಹೆಣಗಳನ್ನು ಅಲ್ಲೇ ಬಿಡುತ್ತಿದ್ದರು. 1945ರ ಏಪ್ರಿಲ್ 21ರಂದು ನಗರ ಬಿಡುಗಡೆಯಾದ ಕೂಡಲೇ ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು ಅದೇ ಗೋಡೆಗೆ ಸತ್ತವರ ಭಾವಚಿತ್ರ ಹಚ್ಚಿ ಹೂವಿಟ್ಟರು. 1950ರ ದಶಕದಲ್ಲಿ ಶಾಶ್ವತ ಸ್ಮಾರಕವಾದಾಗಲೂ ಆ ಹೆಂಗಸರು ಕೊಟ್ಟ ರೂಪವೇ ಉಳಿಯಿತು: ಗೋಡೆಯ ತುಂಬ ಎರಡು ಸಾವಿರದಷ್ಟು ಜನರ ಮುಖ, ಹೆಸರು.

ಇದು ಹೆತ್ತ ಕರುಳಿನ ಸಂಕಟ, ಇತಿಹಾಸವಲ್ಲ ಎಂದು ಆಕ್ಷೇಪಿಸಬಹುದು. ಎದುರು ಪಕ್ಷದಲ್ಲಿ ಸತ್ತವನ ತಾಯಿಯೂ ಅಳುತ್ತಾಳೆ. ಅಳು ಯಾರ ಪಕ್ಷ ನ್ಯಾಯದ್ದೆಂದು ತೀರ್ಮಾನಿಸಲಾರದು. ಒಪ್ಪತಕ್ಕ ಮಾತು. ಆದರೆ ಈ ತಾಯಂದಿರು ಮನೆಯಲ್ಲಿ ಅತ್ತು ಸುಮ್ಮನಾಗಲಿಲ್ಲ, ಕೊಲೆ ನಡೆದ ಜಾಗವನ್ನೇ ಆರಿಸಿಕೊಂಡರು. ಆಳುವವರು ದರೋಡೆಕೋರನೆಂದು ಕರೆದು ಕೊಂದವನನ್ನು ಇವನು ನನ್ನ ಮಗನೆಂದು ಊರ ನಡುವೆ ಸಾರುವುದು ಸಾಕ್ಷಿ ನುಡಿದಂತೆ. ಕೊಂದವರು ಬರೆದ ತೀರ್ಪನ್ನು ಆ ಭಾವಚಿತ್ರಗಳು ಅಳಿಸಿಹಾಕಿದವು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೆಣ್ಣನ್ನು ಶೋಕಿಸುವ ತಾಯಿಯಾಗಿ ಮಾತ್ರ ಕಂಡರೆ ಹೋರಾಡಿದ ಹೆಣ್ಣು ಮರೆಯಾಗುತ್ತಾಳೆ. ಬೊಲೊನ್ಯ ಪ್ರಾಂತ್ಯದ 14,425 ಪಾರ್ಟಿಸಾನರಲ್ಲಿ 2,212 ಮಂದಿ ಮಹಿಳೆಯರೆಂದು ಸ್ಮಾರಕವೇ ಹೇಳುತ್ತದೆ. 1944ರ ಆಗಸ್ಟಿನಲ್ಲಿ ಚಿತ್ರಹಿಂಸೆ ಅನುಭವಿಸಿ ಪ್ರಾಣ ಬಿಟ್ಟ ಇರ್ಮಾ ಬಂದಿಯೆರಾ ಅಂಥವಳು. ಆದರೆ ತಾಯಿ ಬೇರೆ, ಹೋರಾಟಗಾರ್ತಿ ಬೇರೆ ಎಂಬ ಗೆರೆಯೇ ಸುಳ್ಳು. ರೆಜ್ಜೊ ಎಮಿಲಿಯಾ ಪ್ರಾಂತ್ಯದ ಚೆರ್ವಿ ಕುಟುಂಬ ಸೆರೆಯಿಂದ ತಪ್ಪಿಸಿಕೊಂಡ ವಿದೇಶಿ ಸೈನಿಕರಿಗೆ ತನ್ನ ಹೊಲಮನೆಯಲ್ಲಿ ಆಶ್ರಯ ಕೊಟ್ಟಿತ್ತು. ಆ ಮನೆಯ ಏಳೂ ಗಂಡುಮಕ್ಕಳನ್ನು 1943ರ ಡಿಸೆಂಬರ್ 28ರಂದು ಗುಂಡಿಟ್ಟು ಕೊಂದರು. ತಾಯಿ ಜೆನೊವೆಫ್ಫಾ ಕೊಕ್ಕೋನಿ ಬಿಡುಗಡೆಯ ದಿನವನ್ನು ಕಾಣದೆ 1944ರ ನವೆಂಬರಿನಲ್ಲಿ ತೀರಿಕೊಂಡಳು. ಮುಂದೆ ದೇಶಕ್ಕೆ ಪರಿಚಿತವಾದದ್ದು ತಂದೆ ಅಲ್ಚಿದೆಯ ಮುಖ. ಅಡಗಿಸುವ, ಉಣಬಡಿಸುವ, ಬಾಯಿಬಿಡದಿರುವ ಕೆಲಸಕ್ಕೂ ಸಾವಿನ ಅಪಾಯವಿತ್ತು. ಅದನ್ನು ಹೋರಾಟವೆಂದು ಲೆಕ್ಕಕ್ಕೆ ಹಿಡಿಯದ ಸ್ಮಾರಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಸತ್ತವರ ಹೆಸರನ್ನು ಮೊದಲು ಹೇಳುವ ಹಕ್ಕು ಅವರನ್ನು ಕಳೆದುಕೊಂಡವರದು. ಆ ಹೆಸರು ಅಳಿಯದಂತೆ ಕಾಯುವ ಹೊಣೆ ಸರ್ಕಾರದ್ದು. ಬೊಲೊನ್ಯ ಎರಡನ್ನೂ ಇದೇ ಕ್ರಮದಲ್ಲಿ ನಡೆಸಿತು. ಸ್ಮಾರಕ ಕಟ್ಟಹೊರಟ ಯಾವ ಊರೂ ಅದರಿಂದ ಕಲಿಯಬೇಕಾದದ್ದು ಈ ಕ್ರಮವನ್ನೇ.