ನೀರ ಮೇಲಣ ಗೆರೆ

ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ನಿಂತು ಒಂದು ಹಿಡಿ ಮಂಡಕ್ಕಿಯನ್ನು ನೀರಿಗೆ ಎರಚಿದವರೆಲ್ಲರೂ ಕಂಡಿರುವ ನೋಟವೊಂದುಂಟು: ಕ್ಷಣಮಾತ್ರದಲ್ಲಿ ಹೊಳೆಯ ನೀರು ಕುದಿಯುವಂತಾಗಿ, ತೋಳುದ್ದದ ಮೀನುಗಳು ಒಂದರ ಬೆನ್ನ ಮೇಲೊಂದು ಏರಿ, ಮನುಷ್ಯನ ಭಯವೆಂಬುದನ್ನೇ ಅರಿಯದವುಗಳಂತೆ ಬಾಯ್ದೆರೆದು ನಿಲ್ಲುತ್ತವೆ. ಶಿಶಿಲದ ಕಪಿಲೆಯಲ್ಲಿಯೂ ಇದೇ ಸೊಬಗು. 'ದೇವರ ಮೀನು' ಎಂಬೆರಡು ಮಾತುಗಳೇ ಅಲ್ಲಿ ಶಾಸನ; ಕಾವಲುಗಾರನೂ ಇಲ್ಲ, ದಂಡದ ಫಲಕವೂ ಬೇಕಾಗಿಲ್ಲ. ಆದರೆ ದೇವರ ಮಡುವನ್ನು ದಾಟಿ ಕೆಳಗಿಳಿದ ಮೀನು ಬಲೆಗೆ ಬಿದ್ದರೆ ಅದು ದೇವರದೋ ಮೀನುಗಾರನದೋ ಎಂಬ ಪ್ರಶ್ನೆಗೆ ಸ್ಥಳಪುರಾಣದಲ್ಲಿ ಉತ್ತರವಿರಲಾರದು. ಭಕ್ತಿಯೊಂದೇ ಸಾಕಾಗುವ ಕಾವಲೂ ಅಲ್ಲವೆಂಬುದನ್ನು 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ದುಷ್ಕರ್ಮಿಗಳು ವಿಷ ಬೆರೆಸಿ ಮತ್ಸ್ಯಸಂಕುಲವನ್ನೇ ಕೊಂದ ದುರಂತವು ತೋರಿಸಿಕೊಟ್ಟಿತು. ಜಗತ್ತಿನ ಸಂರಕ್ಷಿತ ಸಾಗರಪ್ರದೇಶಗಳ ಕುರಿತು ಕಳೆದೊಂದು ಶತಮಾನದಲ್ಲಿ ಬೆಳೆದುಬಂದ ವಿದ್ಯೆಯ ಹಿರಿಯ ಸಮಸ್ಯೆಗಳೆಲ್ಲವೂ, ಸೀಮೆ ಎಲ್ಲಿಯವರೆಗೆ, ಕಾಯುವವರು ಯಾರು, ಹೊರಗೆ ಹೋದ ಮೀನು ಯಾರಿಗೆ ಸಲ್ಲತಕ್ಕದ್ದು ಎಂಬವೆಲ್ಲವೂ, ಈ ಚಿಕ್ಕ ಮಡುವಿನಲ್ಲಿಯೇ ಅಡಕವಾಗಿವೆಯೆಂದು ನನಗೆ ತೋರುತ್ತದೆ.

ಸಮುದ್ರಕ್ಕೆ ಸೀಮೆ ಹಾಕುವುದೆಂಬ ಕಲ್ಪನೆಯೇ ಪಾಶ್ಚಾತ್ಯರಿಗೆ ಬಹುಕಾಲ ಅಸಂಗತವಾಗಿ ತೋರುತ್ತಿತ್ತು. ಡಚ್ ನ್ಯಾಯಶಾಸ್ತ್ರಜ್ಞನಾದ ಗ್ರೋಷಿಯಸನು 1609ರಲ್ಲಿ ಕಡಲು ಸರ್ವರಿಗೂ ಮುಕ್ತವೆಂದು ವಾದಿಸಿದನು. ವಶಪಡಿಸಿಕೊಳ್ಳಲಾಗದುದನ್ನೂ ಬಳಸಿದಷ್ಟಕ್ಕೂ ಬತ್ತದುದನ್ನೂ ಒಬ್ಬನ ಸ್ವತ್ತೆನ್ನಲಾಗದೆಂಬುದು ಅವನ ತರ್ಕದ ಆಧಾರ. 1883ರಲ್ಲಿ ಲಂಡನ್ನಿನ ಮತ್ಸ್ಯೋದ್ಯಮ ಪ್ರದರ್ಶನದಲ್ಲಿ ಮಾತನಾಡಿದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿಯೂ, ಕಾಡ್, ಹೆರಿಂಗ್, ಬಂಗುಡೆಗಳಂತಹ ಮಹಾಸಮುದ್ರದ ಮೀನುಗಳು ಬಹುಶಃ ಅಕ್ಷಯವೆಂದೇ ಭಾವಿಸಿದ್ದನು. ಈ ನಂಬಿಕೆಯನ್ನು ಅಲುಗಾಡಿಸಿದ್ದು ಯಾವ ಪ್ರಯೋಗಶಾಲೆಯೂ ಅಲ್ಲ, ಯುದ್ಧ. ಎರಡು ಮಹಾಯುದ್ಧಗಳಲ್ಲಿಯೂ ಉತ್ತರ ಸಮುದ್ರದಲ್ಲಿ ಬಲೆ ಬೀಸುವುದು ಬಹುಮಟ್ಟಿಗೆ ನಿಂತುಹೋಗಿ, ಶಾಂತಿಯ ತರುವಾಯ ಮರಳಿದ ದೋಣಿಗಳಿಗೆ ಹಿಂದೆ ಕಾಣದಷ್ಟು ಹೇರಳವಾಗಿಯೂ ದಪ್ಪವಾಗಿಯೂ ಮೀನು ದೊರೆಯಿತು. ಏಡ್ರಿಯಾಟಿಕ್ ಕಡಲ ಮೀನುಪೇಟೆಗಳ ಲೆಕ್ಕವನ್ನು ಪರಿಶೀಲಿಸಿದ ಇಟಲಿಯ ಡಿ'ಆಂಕೋನನು, ಮೊದಲನೆಯ ಯುದ್ಧದ ವರ್ಷಗಳಲ್ಲಿ ಇತರ ಮೀನುಗಳನ್ನು ತಿಂದು ಬದುಕುವ ಶಾರ್ಕು ಮೊದಲಾದವುಗಳ ಪ್ರಮಾಣ ಏರಿದುದನ್ನು ಕಂಡು, ಇದೇಕೆಂದು ತನ್ನ ಮಾವನಾದ ಗಣಿತಜ್ಞ ವೋಲ್ಟೆರಾನನ್ನು ಕೇಳಿದನಂತೆ; ಅಳಿಯನ ಈ ಪ್ರಶ್ನೆಯಿಂದ ಹುಟ್ಟಿದ ಸಮೀಕರಣಗಳನ್ನು ಇಂದಿಗೂ ಜೀವಪರಿಸ್ಥಿತಿಶಾಸ್ತ್ರದ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಮೀನು ಹಿಡಿಯದಿದ್ದರೆ ಮೀನು ಹೆಚ್ಚುವುದೆಂಬ ಸತ್ಯ ಮೀನು ಮಾರುವವಳಿಗೂ ತಿಳಿದದ್ದೇ. ಆದರೆ ಶಾಸ್ತ್ರವು ಅದನ್ನು ಅಂಕಿಗಳಲ್ಲಿ ಕಂಡ ಹೊರತು ಒಪ್ಪುವುದಿಲ್ಲವಷ್ಟೆ.

ಇತ್ತ ಪೆಸಿಫಿಕ್ ದ್ವೀಪವಾಸಿಗಳು ಈ ಅಂಕಿಗಳಿಗಾಗಿ ಕಾದಿರಲಿಲ್ಲ. ಪಲಾವುವಿನಲ್ಲಿ 'ಬುಲ್' ಎಂದೂ ಪಾಲಿನೇಷ್ಯದ ದ್ವೀಪಗಳಲ್ಲಿ 'ರಾಹುಇ' ಎಂದೂ ಹೆಸರಾದ ನಿಷೇಧದ ಪದ್ಧತಿಯಲ್ಲಿ, ಹಿರಿಯರು ಹವಳದಿಬ್ಬದ ಒಂದು ಭಾಗವನ್ನು ಕೆಲಕಾಲ ಮುಚ್ಚಿ, ಮೀನು ಕೂಡಿಕೊಂಡ ಮೇಲೆ ತೆರೆಯುತ್ತಿದ್ದರು. ರಾಬರ್ಟ್ ಜೊಹಾನೆಸನು ಪಲಾವುವಿನ ಮೀನುಗಾರರ ಬಳಿ ಶಿಷ್ಯವೃತ್ತಿ ಮಾಡಿ 1981ರಲ್ಲಿ ಗ್ರಂಥವೊಂದನ್ನು ಪ್ರಕಟಿಸುವವರೆಗೂ ವಿದ್ವಜ್ಜನರು ಈ ಜ್ಞಾನವನ್ನು ಬಹುಮಟ್ಟಿಗೆ ಮೂಢಾಚಾರದ ಲೆಕ್ಕಕ್ಕೇ ಸೇರಿಸಿದ್ದರು. ಪಾಶ್ಚಾತ್ಯರ ಸಂರಕ್ಷಣೆಯಾದರೋ ನೆಲದ ರಾಷ್ಟ್ರೀಯ ಉದ್ಯಾನದ ಮಾದರಿಯಲ್ಲಿ ಕಡಲಿಗಿಳಿಯಿತು. 1935ರಲ್ಲಿ ಫ್ಲಾರಿಡಾದ ತೀರದಾಚೆ ಒಂದು ಹಳೆಯ ಕೋಟೆಯನ್ನೂ ಅದರ ಸುತ್ತಣ ನೀರನ್ನೂ ಸ್ಮಾರಕವೆಂದು ಸಾರಿದ್ದು ಅದರ ಮೊದಲ ಹೆಜ್ಜೆಗಳಲ್ಲೊಂದು.

ಮೀನು ಹಿಡಿಯುವುದನ್ನು ಸಂಪೂರ್ಣವಾಗಿ ನಿಲ್ಲಿಸಿದರೆ ಏನಾಗುವುದೆಂಬುದನ್ನು ಬುದ್ಧಿಪೂರ್ವಕವಾಗಿ ಪರೀಕ್ಷಿಸಿದ ಕಥೆಗೆ ನ್ಯೂಜಿಲೆಂಡಿನ ಲೀ ಎಂಬ ಸಣ್ಣ ಊರಿಗೆ ಹೋಗಬೇಕು. ಅಲ್ಲಿನ ಸಾಗರ ಪ್ರಯೋಗಾಲಯದ ಬಿಲ್ ಬ್ಯಾಲಂಟೈನನೂ ಅವನ ಸಂಗಡಿಗರೂ ತಮ್ಮ ಕಿಟಕಿಯೆದುರಿನ ಕಡಲನ್ನು ಯಾರೂ ಮುಟ್ಟದಂತೆ ಬಿಟ್ಟುಕೊಡಬೇಕೆಂದು 1965ರಲ್ಲಿ ಕೇಳಿದಾಗ ದೇಶದಲ್ಲಿ ಅದಕ್ಕೊಂದು ಕಾನೂನೇ ಇರಲಿಲ್ಲ. ಕಾನೂನಾದದ್ದು 1971ರಲ್ಲಿ, ಪ್ರಕಟಣೆ 1975ರಲ್ಲಿ, ವಿಧ್ಯುಕ್ತ ಆರಂಭ 1977ರಲ್ಲಿ. ಸುಮಾರು ಐದು ಕಿಲೋಮೀಟರ್ ತೀರ, ಅಲ್ಲಿಂದ ಎಂಟುನೂರು ಮೀಟರ್ ಒಳಗೆ ನೀರು, ಇಷ್ಟಕ್ಕೆ ಹನ್ನೆರಡು ವರ್ಷಗಳ ವಾಗ್ವಾದ. ತರುವಾಯ ಅಲ್ಲಿ ಕಂಡದ್ದು ಕೇವಲ ಮೀನಿನ ಸಂಖ್ಯೆಯ ವೃದ್ಧಿಯಲ್ಲ. ಮೈತುಂಬ ಮುಳ್ಳುಳ್ಳ, ಮಾವೋರಿಗಳು 'ಕಿನಾ' ಎನ್ನುವ ಉಂಡೆಯಾಕಾರದ ಪ್ರಾಣಿಗಳು ಕಡಲಪಾಚಿಯ ಕಾಡನ್ನೆಲ್ಲ ಮೇಯ್ದು ಬಂಡೆಗಳನ್ನು ಬೋಳಿಸಿಬಿಟ್ಟಿದ್ದವು. ಅವುಗಳನ್ನು ಒಡೆದು ತಿನ್ನಬಲ್ಲ ಗಾತ್ರದ ಸ್ನ್ಯಾಪರ್ ಮೀನುಗಳೂ ಲಾಬ್‌ಸ್ಟರುಗಳೂ ಗಾಳಕ್ಕೂ ಪಂಜರಕ್ಕೂ ಬಲಿಯಾಗಿದ್ದುದರಿಂದ ಕಿನಾಗಳಿಗೆ ಎದುರಿಲ್ಲದಂತಾಗಿತ್ತು. ಹಿಡಿಯುವ ಕೈ ಹಿಂದೆಗೆದ ಮೇಲೆ ಮೀನು ಬಲಿತು, ಬಲಿತ ಮೀನು ಕಿನಾಗಳನ್ನು ತಿಂದು, ಬೋಳುಬಂಡೆಯ ಮೇಲೆ ಎರಡು ದಶಕಗಳ ಅವಧಿಯಲ್ಲಿ ಪಾಚಿಯ ಕಾಡು ಮತ್ತೆ ತಲೆಯೆತ್ತಿತು. ಆ ಬಂಡೆ ಬೋಳಾಗಿರುವುದೇ ಪ್ರಕೃತಿಯೆಂದು ಎಲ್ಲರೂ ನಂಬಿದ್ದರು. ಹೋಲಿಸಿ ನೋಡಲು ಮುಟ್ಟದ ಕಡಲೊಂದು ಇಲ್ಲದಿದ್ದರೆ ಆ ಭ್ರಮೆ ಇಂದಿಗೂ ಉಳಿದಿರುತ್ತಿತ್ತು. ಇಂದು ಅಲ್ಲಿ ಮೊಣಕಾಲು ನೀರಿಗಿಳಿದ ಮಕ್ಕಳ ಕಾಲ ಸುತ್ತ ಸ್ನ್ಯಾಪರುಗಳು ತುಂಗೆಯ ಮೀನುಗಳಂತೆಯೇ ಸುಳಿಯುತ್ತವೆ. ಒಂದು ದಿನದ ಮಟ್ಟಿಗೆ ಕಡಲ ಮೀನನ್ನು ನೋಡಲೆಂದು ಜನ ಬರಬಹುದೆಂಬುದು ವಿರೋಧಿಸಿದವರ ಲೆಕ್ಕದಲ್ಲಂತೂ ಇರಲಿಲ್ಲ.

ಇನ್ನೊಂದು ಪರೀಕ್ಷೆ ಫಿಲಿಪ್ಪೀನ್ಸಿನಲ್ಲಿ ನಡೆಯಿತು. ಇದು ಉದ್ದೇಶಪೂರ್ವಕವಾದದ್ದಲ್ಲವಾದ್ದರಿಂದಲೇ ಹೆಚ್ಚು ಬೋಧಪ್ರದವಾಯಿತೆನ್ನಬಹುದು. ಸಿಲಿಮಾನ್ ವಿಶ್ವವಿದ್ಯಾನಿಲಯದ ಏಂಜಲ್ ಅಲ್ಕಾಲಾರವರ ಪ್ರೇರಣೆಯಿಂದ 1974ರಲ್ಲಿ ಸುಮಿಲೋನ್ ದ್ವೀಪದ ಹವಳದಿಬ್ಬದ ಕಾಲುಭಾಗದಷ್ಟನ್ನು ಮುಚ್ಚಲಾಯಿತು. ಉಳಿದ ಭಾಗದಲ್ಲಿ ಮೀನುಗಾರರ ಬುಟ್ಟಿಗಳು ಹತ್ತು ವರ್ಷಗಳಲ್ಲಿ ತುಂಬುತ್ತ ಬಂದವು. 1984ರಲ್ಲಿ ಸ್ಥಳೀಯ ಅಧಿಕಾರ ಕೈಬದಲಾಗಿ ಕಾವಲು ಸಡಿಲವಾದೊಡನೆ ಸಿಡಿಮದ್ದು ಹಾಕುವವರೂ ಮೀನಟ್ಟುವ ಬಲೆಗಾರರೂ ಒಳನುಗ್ಗಿದರು. ಮೀನು ಹಿಡಿಯಲು ದೊರೆತ ಕ್ಷೇತ್ರ ಹೆಚ್ಚಾಯಿತು. ಆದರೆ ಎರಡು ವರ್ಷಗಳೊಳಗೆ ಒಟ್ಟು ದೊರೆತ ಮೀನು ಸುಮಾರು ಅರ್ಧಕ್ಕಿಳಿಯಿತು. ಮುಚ್ಚಿದ ಕಾಲುಭಾಗವು ತೆರೆದ ಮುಕ್ಕಾಲು ಭಾಗವನ್ನು ಸಾಕುತ್ತಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿರಲಿಲ್ಲ. ಹತ್ತಿರದ ಅಪೋ ದ್ವೀಪದಲ್ಲಿ ಅದೇ ಅಲ್ಕಾಲಾರವರು ಬೇರೆ ದಾರಿ ಹಿಡಿದರು: ಊರವರೊಡನೆ ವರ್ಷಗಟ್ಟಲೆ ಮಾತನಾಡಿ, ಅವರೇ ಒಪ್ಪಿದ ಮೇಲೆ, 1982ರಲ್ಲಿ ತೀರದ ನಾನೂರೈವತ್ತು ಮೀಟರಿನಷ್ಟನ್ನು ಮಾತ್ರ ಮೀಸಲಿಟ್ಟು, ಕಾವಲಿಗೂ ಊರವರನ್ನೇ ಕೂಡಿಸಿದರು. ಸುಮಿಲೋನ್ ಬಿದ್ದಿತು, ಅಪೋ ನಿಂತಿತು. ಎರಡು ದ್ವೀಪಗಳ ಹವಳವೂ ಮೀನೂ ಬಹುತೇಕ ಒಂದೇ.

ಇಂತಹ ಫಲ ಏಕೆ ದೊರೆಯುವುದೆಂಬುದಕ್ಕೆ ಸಿಗುವ ವಿವರಣೆಗಳಲ್ಲಿ ನನಗೆ ಅತ್ಯಂತ ರುಚಿಸಿದ್ದು ಮೊಟ್ಟೆಯ ಲೆಕ್ಕ. ಅಮೆರಿಕದ ಕೆಂಪು ಸ್ನ್ಯಾಪರ್, ಅಂದರೆ ನಮ್ಮ ಕರಾವಳಿಯವರು ಕೆಂಬೇರಿ ಎನ್ನುವ ಮೀನಿನ ಬಳಗದ್ದು, 61 ಸೆಂಟಿಮೀಟರ್ ಬೆಳೆದ ಒಂದೇ ಹೆಣ್ಣು 42 ಸೆಂಟಿಮೀಟರಿನ 212 ಹೆಣ್ಣುಗಳಷ್ಟು ಮೊಟ್ಟೆಗಳನ್ನು ಹೊತ್ತಿರುತ್ತದೆ. ಬಲೆಯಾದರೋ ಮೊದಲು ಆರಿಸುವುದು ಈ ಹಿರಿಯಳನ್ನೇ. ಅಭಯದ ನೀರಿನಲ್ಲಿ ಅವಳಿಗೆ ಮುಪ್ಪಾಗುವ ಅವಕಾಶ ದೊರೆಯುತ್ತದೆ. ಮೊಟ್ಟೆಮರಿಗಳು ಪ್ರವಾಹದೊಡನೆ ಸೀಮೆಯಾಚೆ ಹರಡುತ್ತವೆ. ಫ್ಲಾರಿಡಾದಲ್ಲಿ ರಾಕೆಟ್ಟು ಹಾರಿಸುವ ಕೇಂದ್ರದ ಭದ್ರತೆಗೆಂದು 1962ರಿಂದ ಮುಚ್ಚಿದ ಹಿನ್ನೀರಿನ ಆಸುಪಾಸಿನಲ್ಲಿಯೇ ಗಾಳದವರು ದಾಖಲೆಯ ಮೀನುಗಳನ್ನು ಹಿಡಿಯುತ್ತಿದ್ದರೆಂಬುದು ತಿಳಿದುಬಂತು; ಸೇಂಟ್ ಲೂಸಿಯಾ ದ್ವೀಪದಲ್ಲಿ 1995ರಲ್ಲಿ ಮುಚ್ಚಿದ ತಾಣಗಳ ನೆರೆಯಲ್ಲಿ ಐದು ವರ್ಷಗಳೊಳಗೆ ಪಂಜರಗಳಿಗೆ ಬೀಳುವ ಮೀನು ಶೇ. 46ರಿಂದ 90ರವರೆಗೆ ಹೆಚ್ಚಿತು.

ಆದರೂ ಎಲ್ಲ ಜೀವಿಗಳೂ ಗೆರೆಗೆ ಒಂದೇ ಬಗೆಯಾಗಿ ಒಲಿಯುವುದಿಲ್ಲ. ಅಮೆರಿಕದ ಜಾರ್ಜಸ್ ಬ್ಯಾಂಕಿನಲ್ಲಿ ಕಾಡ್ ಮೊದಲಾದ ಮೀನುಗಳನ್ನು ಉಳಿಸಲೆಂದು 1994ರಲ್ಲಿ ವಿಶಾಲವಾದ ಕ್ಷೇತ್ರವನ್ನು ಮುಚ್ಚಲಾಗಿ, ನಾಲ್ಕು ವರ್ಷಗಳಲ್ಲಿ ಹದಿನಾಲ್ಕು ಪಟ್ಟು ವೃದ್ಧಿಯಾದದ್ದು ಯಾರೂ ಎಣಿಸದ ಸ್ಕ್ಯಾಲಪ್. ನಮ್ಮ ಬಳಚು, ಮರುವಾಯಿಗಳ ದೂರದ ನಂಟಿನ, ತಳದಲ್ಲೇ ಕುಳಿತಿರುವ ಚಿಪ್ಪುಜೀವಿ. ಅಲೆಮಾರಿಯಾದ ಕಾಡ್ ಚೇತರಿಸಿಕೊಳ್ಳಲಿಲ್ಲ. ಮುಚ್ಚಿದ ಕ್ಷೇತ್ರದ ದೋಣಿಗಳು ಎಲ್ಲಿಗೂ ಮಾಯವಾಗುವುದಿಲ್ಲ, ಪಕ್ಕಕ್ಕೆ ಸರಿಯುತ್ತವೆ. ಒಳಗೆ ಉಳಿದ ಮೀನನ್ನು ಎಣಿಸಿ ಹಿಗ್ಗುವವರು ಹೊರಗೆ ಹೆಚ್ಚಾದ ಹೊಡೆತವನ್ನೂ ಎಣಿಸಬೇಕೆಂದು ರೇ ಹಿಲ್ಬಾರ್ನನಂತಹ ಮತ್ಸ್ಯಶಾಸ್ತ್ರಜ್ಞರು ಎತ್ತಿದ ಆಕ್ಷೇಪಣೆಯನ್ನು ಸಂರಕ್ಷಣಾವಾದಿಗಳು ಕೆಲಕಾಲ ದ್ರೋಹವೆಂಬಂತೆ ಕಂಡರು. ಅದು ದ್ರೋಹವಲ್ಲ, ಲೆಕ್ಕಪರಿಶೋಧನೆ.

ಈ ಶತಮಾನದಲ್ಲಿ ಈ ವಿದ್ಯೆಯ ಮೇಲೆ ಶೇಕಡಾವಾರಿನ ಮೋಹ ಆವರಿಸಿತು. 2020ರೊಳಗೆ ಸಾಗರದ ಶೇ. 10ನ್ನು ಕಾಪಾಡಬೇಕೆಂದು ಮೊದಲು ಒಪ್ಪಂದವಾಯಿತು. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ಲಿನಲ್ಲಿ ಕೂಡಿದ ರಾಷ್ಟ್ರಗಳು 2030ಕ್ಕೆ ಶೇ. 30 ಎಂದು ಪಣತೊಟ್ಟವು. 2024ರ ಹೊತ್ತಿಗೆ ನಕ್ಷೆಯಲ್ಲಿ ಶೇ. 8ರ ಆಸುಪಾಸು ಬಣ್ಣ ಬಳಿಯಲಾಗಿತ್ತು. ನಿಜಕ್ಕೂ ಕಟ್ಟುನಿಟ್ಟಾದದ್ದು ಶೇ. 3ರಷ್ಟು. ಅಂಕಿಯನ್ನು ಮುಟ್ಟುವ ಸುಲಭೋಪಾಯವೆಂದರೆ, ಯಾರೂ ಹೆಚ್ಚಾಗಿ ಮೀನು ಹಿಡಿಯದ ದೂರದ ಮಹಾಜಲರಾಶಿಗಳನ್ನು ಒಂದೇ ಸಹಿಯಿಂದ ಮೀಸಲಿಡುವುದು. ದುಬಾರಿಯಾದ, ಜನನಿಬಿಡವಾದ, ನಿಜಕ್ಕೂ ಕ್ಷೀಣಿಸುತ್ತಿರುವ ತೀರದ ನೀರು ಹಾಗೆಯೇ ಉಳಿಯುತ್ತದೆ. 2014ರಲ್ಲಿ ಗ್ರಹಾಂ ಎಡ್ಗರ್ ಮತ್ತು ಸಹೋದ್ಯೋಗಿಗಳು 87 ಸಂರಕ್ಷಿತ ಪ್ರದೇಶಗಳನ್ನು ಮುಳುಗಿ ಪರೀಕ್ಷಿಸಿ, ಪೂರ್ಣ ನಿಷೇಧ, ದೃಢವಾದ ಕಾವಲು, ಹತ್ತು ವರ್ಷಕ್ಕೆ ಮೀರಿದ ವಯಸ್ಸು, ನೂರು ಚದರ ಕಿಲೋಮೀಟರಿಗೆ ಮೀರಿದ ವಿಸ್ತಾರ, ಮರಳಿನಿಂದಲೋ ಆಳದಿಂದಲೋ ಆದ ಪ್ರತ್ಯೇಕತೆ ಎಂಬೈದು ಗುಣಗಳಲ್ಲಿ ಒಂದೆರಡು ಮಾತ್ರವುಳ್ಳವು ಹೊರಗಿನ ಕಡಲಿಗಿಂತ ಭಿನ್ನವಾಗಿಲ್ಲವೆಂದರು, ಅಂಥವು ಶೇ. 59. ಯೂರೋಪಿನದು ಇನ್ನೂ ವಿಡಂಬನೀಯ: 2018ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿನ 727 ಸಂರಕ್ಷಿತ ಪ್ರದೇಶಗಳಲ್ಲಿ ಶೇ. 59ರಲ್ಲಿ ಟ್ರಾಲರುಗಳು ತಳವನ್ನು ಬಾಚುತ್ತಿದ್ದುವಷ್ಟೇ ಅಲ್ಲ, ಹೊರಗಿನದಕ್ಕಿಂತ ಒಳಗಿನ ಬಾಚಾಟವೇ 1.4 ಪಟ್ಟು ಹೆಚ್ಚಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದೆಂದರೆ ಇದೇ.

ಮೀನನ್ನು ಎಣಿಸಲು ಕಲಿತ ವಿದ್ಯೆಯು ಮನುಷ್ಯರನ್ನು ಎಣಿಸಲು ಬಹಳ ತಡವಾಗಿ ಕಲಿಯಿತು. 2010ರಲ್ಲಿ ಬ್ರಿಟನ್ನು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದ ಸುತ್ತ ಸುಮಾರು 6,40,000 ಚದರ ಕಿಲೋಮೀಟರಿನ ಮೀಸಲು ಸಾರಿದಾಗ ಅನೇಕ ವಿಜ್ಞಾನಿಗಳು ಹರ್ಷಿಸಿದರು. ಅಲ್ಲಿನ ಮೂಲನಿವಾಸಿಗಳನ್ನು, ಡಿಯಾಗೊ ಗಾರ್ಸಿಯಾದಲ್ಲಿ ಸೇನಾನೆಲೆ ಕಟ್ಟುವ ಸಲುವಾಗಿ, 1968ರಿಂದ 1973ರೊಳಗೆ ಹಡಗುಗಳಲ್ಲಿ ತುಂಬಿ ಹೊರಗಟ್ಟಿದ್ದರು. ಸೇನಾನೆಲೆಯ ನೀರು ಮೀಸಲಿನ ಹೊರಗುಳಿಯಿತು, ನಿವಾಸಿಗಳ ಮರಳುವ ಆಸೆ ಒಳಗೆ ಸಿಕ್ಕಿಕೊಂಡಿತು. ಮಾರಿಷಸ್ ಹೂಡಿದ ವ್ಯಾಜ್ಯದಲ್ಲಿ 2015ರ ಪಂಚಾಯಿತಿ ನ್ಯಾಯಮಂಡಲಿಯು, ಈ ಘೋಷಣೆಯು ಸಮುದ್ರ ಕಾನೂನಿನ ಒಡಂಬಡಿಕೆಗೆ ವಿರುದ್ಧವೆಂದು ತೀರ್ಪಿತ್ತಿತು.

ನಮ್ಮ ನೆರೆಯ ಮನ್ನಾರ್ ಕೊಲ್ಲಿಯ ಸಂಗತಿ ಇಷ್ಟು ಕ್ರೂರವಲ್ಲ. ಇದಕ್ಕಿಂತ ಸರಳವೂ ಅಲ್ಲ. ತೂತ್ತುಕುಡಿಯಿಂದ ರಾಮೇಶ್ವರದವರೆಗಿನ 21 ದ್ವೀಪಗಳ ಸುತ್ತಣ 560 ಚದರ ಕಿಲೋಮೀಟರ್ 1986ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹವಳದ ಕಲ್ಲನ್ನು ಸುಣ್ಣಕ್ಕೂ ಕಟ್ಟಡಕ್ಕೂ ಅಗೆದಗೆದು ಅವುಗಳಲ್ಲಿ ಎರಡು ದ್ವೀಪಗಳು ನೀರೊಳಗೇ ಅಡಗಿಹೋದುದನ್ನು ನೆನೆದರೆ ನಿಷೇಧ ಅನಗತ್ಯವಾಗಿತ್ತೆಂದು ಯಾರು ಹೇಳಿಯಾರು? ಆದರೆ ಅದೇ ದ್ವೀಪಗಳ ಸುತ್ತ ತಲೆಮಾರುಗಳಿಂದ 'ಪಾಸಿ' ಕೀಳುವ ಹೆಂಗಸರಿದ್ದಾರೆ; ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿ, ಕಣ್ಣಿಗೆ ಕನ್ನಡಕ ಬಿಗಿದು, ಉಸಿರು ಹಿಡಿದು ಮುಳುಗಿ, ಬಂಡೆಗೆ ಅಂಟಿದ ಕಡಲಪಾಚಿಯನ್ನು ಕಿತ್ತು ಸೊಂಟದ ಚೀಲಕ್ಕೆ ತುರುಕಿಕೊಂಡು ಮೇಲೇಳುವವರು. ಈ ಶತಮಾನದ ಆದಿಯಲ್ಲಿ ನಿರ್ಬಂಧ ಬಿಗಿಯಾದ ಮೇಲೆ ತಾಯಿಯ ಕಸುಬು ಮಗಳಿಗೆ ಅಪರಾಧವಾಯಿತು. ಇವರು ತಾವಾಗಿಯೇ ತಿಂಗಳಿಗೆ ಹನ್ನೆರಡೇ ದಿನ ಕೀಳತಕ್ಕದ್ದೆಂದು ಕಟ್ಟಳೆ ಮಾಡಿಕೊಂಡಿರುವುದನ್ನು ಗಮನಿಸಿದರೆ, ಕಾವಲಿಗೆ ಅತ್ಯಂತ ಯೋಗ್ಯರಾದವರನ್ನೇ ಕಳ್ಳರ ಸಾಲಿಗೆ ಸೇರಿಸಿದಂತಾಯಿತೆಂಬುದು ನನ್ನ ಅಭಿಪ್ರಾಯ.

ಗೆರೆಯನ್ನು ಲಕ್ಷಿಸದ ಶತ್ರುವೂ ಒಬ್ಬನುಂಟು. ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ 2004ರಲ್ಲಿ ಪೂರ್ಣ ನಿಷೇಧದ ಭಾಗವನ್ನು ಶೇ. 5ಕ್ಕೂ ಕಡಮೆಯಿಂದ ಶೇ. 33ಕ್ಕೆ ಏರಿಸಿದ್ದು ಈ ಕ್ಷೇತ್ರದ ಮಹತ್ಸಾಧನೆಯೆಂದು ಗಣ್ಯವಾಗಿತ್ತು. 2016ರಲ್ಲಿ ಬಿಸಿಯಾದ ನೀರು ಬಂದು ತಂಗಿದಾಗ, ಕಾವಲಿದ್ದ ಹವಳವೂ ಇಲ್ಲದ ಹವಳವೂ ಒಂದೇ ತೆರನಾಗಿ ಬೆಳ್ಳಗಾದವು. ಮೀನನ್ನು ಉಳಿಸಿದ ಗೆರೆಯು ಹವಳವನ್ನು ತಂಪಾಗಿಡಲಾರದು.

ನಮ್ಮ ಕರಾವಳಿಗೆ ಕಾಲದ ಗೆರೆ ಹಳೆಯ ಪರಿಚಯದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಂತ್ರದೋಣಿಗಳು ಬಂದರಿನಲ್ಲಿ ಲಂಗರು ಹಾಕಿರುತ್ತವೆ, ಮಳೆಗಾಲದ ಕಡಲು ಕಾನೂನಿಗೆ ಅರ್ಧ ಕಾವಲನ್ನು ಉಚಿತವಾಗಿ ಒದಗಿಸುತ್ತದೆ. ಸ್ಥಳದ ಗೆರೆ ಹೊಸತು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಹೊನ್ನಾವರದ ಸೀಮೆಯಲ್ಲಿ ಈಗ ಅಪ್ಸರಕೊಂಡ–ಮುಗಳಿ ಸಾಗರ ಅಭಯಾರಣ್ಯವೆಂದು ಹೆಸರಾದ ನೀರೊಂದಿದೆ. ಆಮೆ ದಡದಲ್ಲಿರುವುದು ಒಂದು ರಾತ್ರಿಯ ಕೆಲವು ಗಳಿಗೆ. ಅದರ ಉಳಿದ ಬಾಳೆಲ್ಲ ಗೆರೆಯ ಹೊರಗೆ, ಬಲೆಗಳ ನಡುವೆ. ಇದರ ಗಡಿಯನ್ನು ತಿದ್ದುವ ಅವಕಾಶ ಎಂದಾದರೂ ಬಂದರೆ, ತಿದ್ದುವವರು ಲೀ ಊರಿನ ಕಡೆಗೊಮ್ಮೆ ನೋಡುವುದು ಒಳ್ಳೆಯದು. ಅಲ್ಲಿನ ಲಾಬ್‌ಸ್ಟರುಗಳು ಬಂಡೆ ಬಿಟ್ಟು ಮೇವಿಗಾಗಿ ಆಳದ ಮರಳಿಗೆ ನಡೆದುಹೋಗುವ ಸ್ವಭಾವದವು. 2025ರವರೆಗಿದ್ದ ಎಂಟುನೂರು ಮೀಟರಿನ ಗಡಿಯನ್ನು ಅವು ದಾಟುತ್ತಿದ್ದವು. ಒಮ್ಮೆ ಬಂಡೆಯ ಬಿರುಕುಗಳಲ್ಲೆಲ್ಲ ಮೀಸೆ ಚಾಚಿ ಕುಳಿತಿರುತ್ತಿದ್ದ ಅವುಗಳ ಸಂಖ್ಯೆ ಈಚೆಗೆ ಒಳಗೂ ಕುಗ್ಗಿದೆ, ಮತ್ತು ಮೀಸಲಿನ ಆ ಗಡಿ ಎಲ್ಲಿತ್ತೆಂದು ತಿಳಿಯಲು ನಕ್ಷೆಯನ್ನು ಬಿಡಿಸಬೇಕಾಗಿಯೇ ಇರಲಿಲ್ಲ: ಪಂಜರಗಳ ತೇಲುಬುರುಡೆಗಳು ಸೀಮೆಯ ಅಂಚಿನಾಚೆಗೇ ತೇಲುತ್ತಿದ್ದವು.